ಗಾಳಿಗೆ ಬೆನ್ನು

ಮಂಡ್ಯದ ಆಸ್ಪತ್ರೆ, ಹಿಂದಿನ ಬ್ಲಾಕು, ಹದಿನಾಲ್ಕನೇ ಕೋಣೆ.
ಮೊದಲು ಇಲ್ಲಿ ಮುರಿದ ಮಂಚ ಇಡುತ್ತಿದ್ದರು.
ಈಗ ಒಂದು ಮೇಜು, ಒಂದು ಸಿಂಕು,
ಗೋಡೆಗೆ ಕೂರಿಸಿದ ಫ್ಯಾನು,
ಬೆಳಿಗ್ಗೆ ಎಂಟೂವರೆಗೆ ನಾನು.

ಸೀಸೆಯ ರಬ್ಬರಿನಿಂದ ಸೂಜಿ ಹೊರಗೆಳೆಯುವಾಗ
ಒಂದು ಸದ್ದು ಬರುತ್ತದೆ, ಉಸ್,
ಕೂಸು ನಿದ್ದೆಯಲ್ಲಿ ಮಗ್ಗುಲಾದಷ್ಟು.
ಹನ್ನೊಂದು ವರ್ಷ ಕೇಳಿದ್ದೇನೆ.
ಸದ್ದು ಅಂದುಕೊಂಡಿದ್ದೆ. ಅದು ಹನಿ.

ಕೆಂಪು ಔಷಧಿಗೆ ನಾವಿಟ್ಟ ಹೆಸರು ಕೆಂಪಿ.
ರೋಗಿಯ ನರಕ್ಕೆ ಹತ್ತಿಸುವ ಮುಂಚೆ
ಎರಡು ಸಲ ಹೆಸರು ಕೇಳುತ್ತೇವೆ, ತೂಕ ಕೇಳುತ್ತೇವೆ,
ಮಿಲಿಗ್ರಾಮಿಗೆ ಇಬ್ಬರ ಸಹಿ.
ನನ್ನ ಮೈಗೆ ಎಷ್ಟು ಹೋಯಿತು ಅನ್ನುವುದಕ್ಕೆ
ಆ ರಿಜಿಸ್ಟರಿನಲ್ಲಿ ಕಾಲಮ್ಮೇ ಇಲ್ಲ.

ಲಿಡ್ವಿನ್ ಎರಡು ಸಲ ಬಸಿರಾದಳು,
ಎರಡು ಸಲ ರಜೆ ಚೀಟಿ ಬರೆದಳು,
ಆಮೇಲೆ ಕಣ್ಣಿನ ವಾರ್ಡಿಗೆ ಹಾಕಿಸಿಕೊಂಡು ಹೋದಳು.
ಔಷಧಿಯಿಂದಲೇ ಅಂತ ಯಾರೂ ಹೇಳಲಿಲ್ಲ.
ಅಲ್ಲ ಅಂತಲೂ.

ಮೊನ್ನೆ ಮೈಸೂರಿನಿಂದ ನುಸ್ರತ್ ಅಂತ ಒಬ್ಬರು ಬಂದರು, ಫಾರ್ಮಸಿಯವರು.
ಸೀಸೆಗೆ ಬರೀ ಸಲೈನು, ಒಂದು ಚಿಟಿಕೆ ಬಣ್ಣ ಹಾಕಿ
"ದಿನಾ ಹೇಗೆ ಬೆರೆಸ್ತೀರೋ ಹಾಗೇ ಬೆರೆಸಿ" ಅಂದರು.
ಬೆರೆಸಿದೆ. ಒಂದು ಹನಿ ಚೆಲ್ಲಲಿಲ್ಲ, ಬೇಕಾದರೆ ಆಣೆ.
ಕಿಟಕಿಗೆ ಕಂಬಳಿ ಕಟ್ಟಿ, ದೀಪ ಆರಿಸಿ,
ನೇರಳೆ ಟಾರ್ಚು ಹಿಡಿದರು.

ಮೇಜು ಹೊಳೆಯಿತು. ಸರಿ.
ನಲ್ಲಿಯ ತಿರುಪು. ಪೆನ್ನು. ಪೆನ್ನು ಸಿಕ್ಕಿಸಿಕೊಳ್ಳುವ ಕಿವಿ.
ಬಾಗಿಲ ಚಿಲಕ.
ನನ್ನ ನೀರಿನ ಬಾಟಲಿಯ ಕಂಠ.
ತಾಳಿಯ ಎರಡು ಗುಂಡು.
ಮೂಲೆಯಲ್ಲಿ ನಿಂತಿದ್ದ ಜವರಮ್ಮನ
ಬಳೆ, ಸೆರಗಿನ ತುದಿ, ಎಲೆಅಡಿಕೆ ಚೀಲ.
ಸೀಸೆಯನ್ನು ಅವಳು ಮುಟ್ಟೇ ಇರಲಿಲ್ಲ.
ಚೆಲ್ಲದ ನೆಲವನ್ನು ಒರೆಸಿದ್ದಳು, ಅಷ್ಟೇ.

ಯಾರೂ ಮಾತಾಡಲಿಲ್ಲ. ಫ್ಯಾನು ಮಾತ್ರ.

"ಸಿಸ್ಟ್ರೇ," ಅಂದಳು ಕತ್ತಲಲ್ಲೇ,
"ಈ ಫ್ಯಾನು ಬೀಸೋದು ಯಾರ ಮಖಕ್ಕೆ?
ಗದ್ದೆಗೆ ಔಸ್ದಿ ಹೊಡೆಯೋ ದಿನ ನಮ್ಮಪ್ಪ
ಒಂದಿಡಿ ಹೊಟ್ಟು ತೂರಿ ನೋಡೋನು, ಗಾಳಿ ಎತ್ಲಾಗೆ ಅಂತ.
ಗಾಳಿಗೆ ಬೆನ್ ಕೊಡದೆ ಟ್ಯಾಂಕು ಹೆಗಲಿಗೇರಿಸ್ತಿರಲಿಲ್ಲ.
ನೀವು ಓದಿದೋರು,
ಮಖ ಕೊಟ್ಕೊಂಡು ನಿಂತಿದ್ದೀರಲ್ಲ."

ಔಷಧಿ ಹತ್ತಿದ ಮೇಲೆ ಎರಡು ದಿನ
ರೋಗಿಯ ಉಚ್ಚೆಯಲ್ಲೂ ಅದು ಇರುತ್ತದೆ ಅಂದರು ನುಸ್ರತ್.
ಜವರಮ್ಮನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.
ಒಂಬತ್ತು ವರ್ಷ ಬರಿಗೈಯಲ್ಲಿ ಬೆಡ್‌ಪ್ಯಾನು ತೊಳೆದವಳು
ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು,
ಬೇರೆ ಯಾರದ್ದೋ ಅನ್ನುವ ಹಾಗೆ.

ಅವತ್ತು ಸಂಜೆಯೇ ಫ್ಯಾನು ಕಳಚಿದರು.
ಗಾಜಿನ ಪೆಟ್ಟಿಗೆ ಬರಬೇಕು, ಗಾಳಿಯನ್ನು ತಾನೇ ನುಂಗಿ ಸೋಸುವಂಥದ್ದು;
ಕಡತ ಮೇಲೆ ಹೋಗಿದೆ ಅನ್ನುತ್ತಾರೆ,
ಎಷ್ಟು ಮೇಲೆ ಅಂತ ಗೊತ್ತಿಲ್ಲ.
ಅಲ್ಲಿಯವರೆಗೆ ಎರಡೆರಡು ಕೈಗವಸು,
ಒಂದು ತೋಳಿನ ಒಳಗೆ, ಒಂದು ಹೊರಗೆ.
ಊಟದ ಡಬ್ಬಿ ಆಚೆ ಬ್ಲಾಕಿನಲ್ಲಿ.
ಸ್ಟೋರಿನ ಬೋರಲಿಂಗು, ಮದುವೆ ಮನೆಯಲ್ಲಿ
ಒಬ್ಬಟ್ಟು ಬಡಿಸುವವರ ಹಾಗೆ
ಈಗಲೂ ಎಣಿಸುತ್ತಾರೆ. ಆದರೆ ಕೊಡುತ್ತಾರೆ.

ಗೌನಿನ ದಾರ ಇರುವುದು ಬೆನ್ನ ಹಿಂದೆ.
ತೊಟ್ಟವರಿಗೇ ಕಟ್ಟಿಕೊಳ್ಳಲು ಬರುವುದಿಲ್ಲ.
ಎಂಟೂವರೆಗೆ ಅವಳು ನನ್ನದು ಬಿಗಿಯುತ್ತಾಳೆ, ನಾನು ಅವಳದು.
"ಮೆಲ್ಲಗೆ ಕಣವ್ವ, ಉಸಿರು ಬಿಡಬೇಕಲ್ಲ."

ಗೋಡೆಯಲ್ಲಿ ನಾಲ್ಕು ತೂತು.
ಬೆನ್ನ ಮೇಲೆ ಬೆವರು ಗೆರೆ ಎಳೆದು ಇಳಿಯುತ್ತದೆ.
ಕಲಿಸಿದ ಹಾಗೆ ಚೂರು ಗಾಳಿ ಹಿಂದಕ್ಕೆಳೆದುಕೊಂಡು
ಸೂಜಿ ಹೊರತೆಗೆದು ಕಿವಿಗೊಡುತ್ತೇನೆ.

ಸದ್ದಿಲ್ಲ.
ಅಥವಾ ಇದೆ; ಮಾಸ್ಕಿನ ಒಳಗೆ
ನನ್ನ ಉಸಿರೇ ದೊಡ್ಡದು.