ಕಿಸೆಯಾಗಿನ ಹಲ್ಲು

ಗಂಗಾವತಿ ಡಾಕ್ಟ್ರು ಡಬ್ಬಿ ಕೊಟ್ಟು ಹೇಳಿದ್ರು:
"ಮೌಲಾ, ಮ್ಯಾಲಿನ ಸಾಲು ಹದಿನಾಲ್ಕು, ಕೆಳಗಿಂದು ಹದಿನಾಲ್ಕು,
ಸಂಜಿಗೆ ಹುಲಿಗೆಮ್ಮನ ಬಾಯಾಗ ಇರಬೇಕು.
ನಾಳೆ ಆಕಿ ಮರಿಮಗನ ತೊಟ್ಟಿಲು,
ಫೋಟೋದಾಗ ನಗಬೇಕಂತ ಮುದುಕಿ ಹಟ."

ಅಂಗಿ ಕಿಸೆಯಾಗ ಇಪ್ಪತ್ತೆಂಟು ಹಲ್ಲು ಇಟ್ಕೊಂಡು
ಎಕ್ಸೆಲ್ ಗಾಡಿಗೆ ಕಿಕ್ ಹೊಡೆದೆ.
ತಗ್ಗು ಬಂದಾಗೊಮ್ಮೆ ಅವು ಕಟಕಟ ಅಂದ್ವು,
ಎದಿಯೊಳಗ ಯಾರೋ ಚಳಿ ಹತ್ತಿ ಕುಂತಂಗ.

ಮಳಿ ಬರೂದಿಲ್ಲ ಅಂದಿತ್ತು ಫೋನು.
ನೂರಕ್ಕ ಸೊನ್ನಿ. ಪಕ್ಕದಾಗ ದುಂಡನ ಸೂರ್ಯನ ಚಿತ್ರ.
ಅಕ್ಕಿ ಮಿಲ್ಲು ದಾಟೂದ್ರಾಗ
ಆ ಸೂರ್ಯನ ಮ್ಯಾಲ ಹನಿ ಬಿದ್ದು
ಬೆರಳಿಟ್ಟಲ್ಲೆಲ್ಲ ಬ್ಯಾರೇನೋ ತೆರೀತು:
ಮದಲ ಕ್ಯಾಲ್ಕುಲೇಟರು, ಆಮ್ಯಾಲ ಟಾರ್ಚು,
ಕಡೀಕ ಕಾರಟಗಿ ಮಾವಗ ಕಾಲ್ ಹೋತು.
"ಏನಪಾ ಮೌಲಾ?"
"ಏನಿಲ್ಲ ಮಾವ, ಮಳಿ ಫೋನ್ ಮಾಡೇತಿ."

ದಾರಿ ಹೇಳಾಕಿ ಮಾತ್ರ ತಣ್ಣಗ ಇದ್ಳು.
ಎಂಥಾ ಕನ್ನಡ ಆಕಿದು! ಇಸ್ತ್ರಿ ಹೊಡೆದಿದ್ದು.
"ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ."
ಬಲಕ್ಕ ಕಾಲುವಿ.
ತುಂಬಿ ಹರಿಯೂ ಕಾಲುವಿ, ನಡುವ ಒಂದು ಎಮ್ಮಿ.
ಆಕಿ ಹೇಳಿದ್ದು ಎಮ್ಮಿಗೂ ಕೇಳ್ತು,
ಅದೂ ತಿರುಗ್ಲಿಲ್ಲ.

ವೆಂಕಟೇಶ್ವರ ಕ್ಯಾಂಪ್ ಅಂತ ಬೋರ್ಡು ಸಿಕ್ತು.
ಅಲ್ಲೊಬ್ಬಾಕಿ ಹುಲಿಗೆಮ್ಮ ಇದ್ಳು ಖರೆ,
ಎರಡನೇತ್ತ ಓದಾಕಿ.
ಮುಂದಿನೆರಡು ಹಲ್ಲು ಬಿದ್ದಿದ್ವು,
"ನನಗ ತಾವ ಹುಟ್ತಾವಂತ, ನಿನ್ನ ಹಲ್ಲು ಬ್ಯಾಡಣ್ಣ" ಅಂದ್ಳು.
"ಇದ ಹೆಸರಿನ ಕ್ಯಾಂಪು ಇನ್ನೂ ಎರಡು ಅದಾವ."

ಸೋತು ಮುದುಕಿಗೇ ಫೋನ್ ಹಚ್ಚಿದೆ.
ದಾರಿಯೆಲ್ಲ ಆಕಿಗೆ ಬಾಯಿಪಾಠ,
ಬಾಯಿಯಾಗ ಮಾತ್ರ ಏನಿಲ್ಲ.
"ಹಾಲಿ ಮುಂದ ಹಾದು ಬಾ" ಅಂದ್ಳು.
ಹಾಲಿನ ಡೇರಿ ಮುಂದ ಹೋಗಿ ನಿಂತೆ.
ಆಕಿ ಹೇಳಿದ್ದು ಸಾಲಿ.
"ಹೂಬು ಹಿಕ್ತತಿ, ಅಲ್ಲೆ ಹೊಳ್ಳು" ಅಂದ್ಳು.
ಹೂವು ಹುಡುಕಿ ಸೂರ್ಯಕಾಂತಿ ಹೊಲಕ್ಕ ಹೊಳ್ಳಿದೆ.
ಆಕಿ ಹೇಳಿದ್ದು ತೂಬು.
ಸೂರ್ಯಕಾಂತಿಗಳೋ, ಒಂದು ಇತ್ತಾಗ ಒಂದು ಅತ್ತಾಗ
ಮಾರಿ ಮಾಡಿ ನಿಂತಿದ್ವು,
ಸೂರ್ಯ ಎಲ್ಲೆಂತ ಅವಕ್ಕೂ ತಿಳಿದಿದ್ದಿಲ್ಲ.

ಮಳಿ ಬಿದ್ದ ಎರಿ ಮಣ್ಣು ಅಂದ್ರ
ಬೀಗ್ರು ಊಟಕ್ಕ ಕೈ ಹಿಡಿದಂಗ, ಬಿಡಂಗಿಲ್ಲ.
ಮಡ್ಗಾರ್ಡ್ ತುಂಬಿ ಗಾಲಿ ನಿಂತ್ವು.
ಕಡ್ಡಿ ತಗೊಂಡು ಕೆತ್ತಿದೆ, ಒಂದು ಮಾರು ಹೋದೆ,
ಮತ್ತ ಕೆತ್ತಿದೆ.
ಬಲಗಾಲ ಚಪ್ಪಲಿ ಹೊಲದವರಿಗೇ ಬಿಟ್ಟೆ.

ಅಲ್ಲಿ, ಮೊಣಕಾಲುಮಟ ಕೆಸರಾಗ,
ಇಸ್ತ್ರಿ ಕನ್ನಡದಾಕಿ ಬಾಯಿಬಿಟ್ಳು:
"ನೀವು ನಿಮ್ಮ ಗಮ್ಯಸ್ಥಾನವನ್ನು ತಲುಪಿದ್ದೀರಿ."
ಗಮ್ಯಸ್ಥಾನ!
ಅಷ್ಟು ಭಾರದ ಶಬ್ದ, ನನಗಿಂತ ಮದಲ ಹೂತು ಹೋತು.

ಆಗ ಹೊಳೀತು, ನಗಿ ಬಂತು, ಸ್ವಲ್ಪ ಅಳುನೂ:
ಹಲ್ಲಿದ್ದಾಕಿಗೆ ದಾರಿ ಗೊತ್ತಿಲ್ಲ,
ದಾರಿ ಗೊತ್ತಿದ್ದಾಕಿಗೆ ಹಲ್ಲಿಲ್ಲ.
ಆ ಹಲ್ಲು ನನ್ನ ಕಿಸೆಯಾಗ ಕುಂತು
ಬಾಯಿ ಇಲ್ಲದ ಕಟಕಟ ಅಂತಾವ.

ಯಮನೂರಪ್ಪನ ಟ್ರ್ಯಾಕ್ಟರ್ ಬಂತು,
ಗಾಡಿ ಮ್ಯಾಲೇರಿಸಿ ಹಗ್ಗ ಬಿಗಿದ.
"ಮುದುಕಿ ಹಲ್ಲೇನು? ಅಲ್ಲೇ ಕಾಣ್ತತಲ್ಲ ಮನಿ."
ಕಂಡ್ತು.
ಮೂರು ಸಲ ಅದರ ಹಿತ್ತಲ ಹಾದಿದ್ದೆ,
ಮೂರು ಸಲನೂ ಅದ ನಾಯಿ ಬೊಗಳಿತ್ತು.

ಹೊಸ್ತಿಲ ದಾಟಿದೆ, ಮಳಿ ನಿಂತ್ತು.
ಫೋನು ಟಿಣ್ ಅಂತು:
"ನಿಮ್ಮ ಪ್ರದೇಶದಲ್ಲಿ ಮಳೆಯಾಗುವ ಸಾಧ್ಯತೆ."

ಹುಲಿಗೆಮ್ಮ ಹಲ್ಲು ತೊಳದು ಏರಿಸಿದ್ಳು,
ಕನ್ನಡಿ ನೋಡಿದ್ಳು,
ಒಂದು ಹುರಿದ ಶೇಂಗಾ ಕಡಿದು ಪರೀಕ್ಷಾ ಮಾಡಿದ್ಳು.
ಆಮ್ಯಾಲ ನನ್ನ ಕೆಸರುಗಾಲು ನೋಡಿ
ಅಕ್ಷರ ಅಕ್ಷರ ಬಿಡಿಸಿ ಅಂದ್ಳು:
"ಸಾಲಿ ಮುಂದ, ತೂಬಿನ ಬಲಕ.
ಇಷ್ಟೂ ತಿಳೀಲಿಲ್ಲೇನಲೇ ಕತ್ತಿ, ಸುಡುಗಾಡ ಸಿದ್ಧ?"

ಒಂದು ಸಕಾರನೂ ಸೋರಲಿಲ್ಲ.
ಅಂಗಳಕ್ಕ ಬಂದು ಫೋನು ಒರಸಿ
ಡಾಕ್ಟ್ರಿಗೆ ಹಚ್ಚಿದೆ:
"ಸೆಟ್ಟು ಚಲೋ ಕುಂತಾವ್ರೀ."