ಎರಡು ಪೌಂಡು

ಲೆವುಕಾದ ಕಡಲ ಬೀದಿಯಲ್ಲಿ
ಟಿಲ್ಲಿ ಸಾಹೇಬರ ಮಳಿಗೆ. ಕೊಬ್ಬರಿಯ ಕಮಟು
ಅವರ ಕೋಟಿಗೂ ಹತ್ತಿತ್ತು, ಕರವಸ್ತ್ರಕ್ಕೂ.
ಸುವಾದ ಶಾಸನಸಭೆಯಲ್ಲಿ ಪಕ್ಕದ ಕುರ್ಚಿ
ಸದಾ ಒಂದು ಗೇಣು ದೂರ.

ಅವರಿಗೆ ಮತ ಹಾಕಿದವರು ನಲವತ್ತೊಂದು ಜನ.
ಕೊಬ್ಬರಿ ಹೊತ್ತು ತಂದ ನಾವು ಲೆಕ್ಕಕ್ಕಿಲ್ಲ.

ಹನ್ನೊಂದು ವರ್ಷ ಅಲ್ಲಿ ಒಂದೇ ಮಾತು:
ನಮ್ಮ ಧಕ್ಕೆಗೆ ಒಂದು ದೀಪ ಬೇಕು.
ಗವರ್ನರು ಗಡಿಯಾರ ನೋಡುತ್ತಿದ್ದರಂತೆ.
ಕೊನೆಗೆ ಸ್ವಂತ ದುಡ್ಡಿನ ಲಾಟೀನು ನೇತುಹಾಕಿ
ಎಣ್ಣೆಯ ಖರ್ಚು ನಮ್ಮ ಮೂಟೆಯಲ್ಲಿ ಮುರಿದುಕೊಂಡರು.

ತಕ್ಕಡಿ ಮೂಟೆಗೆ ಎರಡು ಪೌಂಡು ನುಂಗುತ್ತಿತ್ತು.
ನಮಗೆ ಗೊತ್ತು. ನಮಗೆ ಗೊತ್ತೆಂದು ಅವರಿಗೂ ಗೊತ್ತು.
ಬಿರುಗಾಳಿ ಮನೆಗಳನ್ನು ಕಿತ್ತ ವರ್ಷ ಮಾತ್ರ, ಯಾಕೋ,
ಮುಳ್ಳು ನೆಟ್ಟಗೆ ನಿಂತಿತ್ತು.
ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ,
ಅವರೂ.

ಗುಡ್ಡದ ಮೆಟ್ಟಿಲು ನೂರ ತೊಂಬತ್ತೊಂಬತ್ತು.
ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ನಾವೇ ಆರು ಜನ.
ಅರ್ಧ ದಾರಿಯಲ್ಲಿ ಇಸಿಕೇಲಿ ಏದುಸಿರು ಬಿಡುತ್ತ ಅಂದ:
‘ಭಾರವಿದ್ದಾನೆ ಮುದುಕ.
ಎರಡು ಪೌಂಡು ಕಳೆದು ಬರ್ಕೋ.’

ನಗಬಾರದಿತ್ತು. ಪಾದ್ರಿ ತಿರುಗಿ ನೋಡಿದರು.

ಆ ಸಂಜೆ,
ಎಣ್ಣೆ ಯಾರ ಲೆಕ್ಕಕ್ಕೆ ಎಂದು ತಿಳಿಯದೆ,
ಧಕ್ಕೆ ಕತ್ತಲಲ್ಲೇ ಇತ್ತು.