ಬಗ್ಗಿಸಿದ್ದು

ಶಿರಾ ದಾಟಿ, ಹುಣಸೆಮರಗಳು ಮುಗಿದು
ಬಳ್ಳಾರಿ ಜಾಲಿ ಶುರುವಾಗುವಲ್ಲಿ ಕುರಿ ತಳಿ ಕೇಂದ್ರ.
ಎರಡನೇ ಕೋಣೆಯಲ್ಲಿ ನಾನು, ಒಂದು ಫ್ಯಾನು,
ಮೂರು ಲೆಡ್ಜರು.

ಮೊದಲನೆಯದು ಗಂಗಹನುಮಯ್ಯನವರದು: ತೂಕ, ಉಣ್ಣೆ.
ಕೊಕ್ಕೆ ತಕ್ಕಡಿಯಲ್ಲಿ ಒದ್ದಾಡುವ ಮರಿ ಸುಮ್ಮನಾಗಿ
ಮುಳ್ಳು ನಿಲ್ಲುವ ತನಕ ಕಾದು ಬರೆದವರು.
ಎರಡನೆಯದು ತೂಕ ಮತ್ತು ಮರಿಗಳ ಎಣಿಕೆ,
ಡಾಕ್ಟರ್ ರಿಹಾನಾ ಬರೆದದ್ದು. ಎರಡೇ ವರ್ಷ ಇದ್ದರು,
ಸತ್ತು ಹುಟ್ಟಿದ್ದಕ್ಕೂ ಒಂದು ಗೆರೆ ಕೊಟ್ಟರು.
ಮೂರನೆಯದರಲ್ಲಿ ಉಣ್ಣೆ, ಮರಿ. ಬರೆದವರ ಹೆಸರಿಲ್ಲ,
ಅಂಚಿನಲ್ಲಿ ಚಹಾದ ಉಂಗುರ ಇದೆ.

ಅದೇ ಹಿಂಡು, ಅದೇ ದೊಡ್ಡಿ.
ಆದರೂ ತೂಕದ ಏರಿಳಿತ ಒಬ್ಬರಿಗೆ ಒಂಬತ್ತು, ಇನ್ನೊಬ್ಬರಿಗೆ ಹದಿನಾಲ್ಕು.
ನಡುವೆ ಎಲ್ಲೋ ಇಟ್ಟೆ,
ಹೆಚ್ಚು ಕುರಿ ಕಂಡವರ ಕಡೆಗೆ ತುಸು ವಾಲಿಸಿ.

ನಂಟಿನ ಮಾತು ಬಂದಾಗಲೇ ತೊಡಕು.
ಮೈ ತುಂಬಿದ ಕುರಿಗೆ ಉಣ್ಣೆಯೂ ಹೆಚ್ಚು ಎನ್ನುತ್ತದೆ ಮೊದಲನೆಯದು.
ಮೈ ತುಂಬಿದ್ದೇ ಅವಳಿ ಹಾಕುವುದು, ಎರಡನೆಯದು.
ಉಣ್ಣೆ ಹೆಚ್ಚಿದಲ್ಲಿ ಮರಿ ಕಡಿಮೆ, ಬಹಳ ಕಡಿಮೆ —
ಇದು ಚಹಾದ ಉಂಗುರ.
ಮೂವರೂ ಸುಳ್ಳಾಡುವವರಲ್ಲ.

ಒಂಬತ್ತು ಮನೆ ಗೆರೆ ಎಳೆದು ಮೂವರನ್ನೂ ಕೂರಿಸಿ
ಕಂಪ್ಯೂಟರಿಗೆ ಕೊಟ್ಟೆ. ಸೊನ್ನೆಯ ಕೆಳಗೊಂದು ಬೆಲೆ ಬಂತು.
ಅಂದರೆ ತೂಕ, ಉಣ್ಣೆ, ಮರಿ ಒಂದು ಹದದಲ್ಲಿ ಬೆರೆತರೆ
ಕುರಿಗೂ ಕುರಿಗೂ ಇರುವ ವ್ಯತ್ಯಾಸ
ಏನೂ ಇಲ್ಲ ಎಂಬುದಕ್ಕಿಂತ ಕಡಿಮೆ!
ಅಂಥ ಹಿಂಡು ಯಾವ ಬಯಲಲ್ಲೂ ಮೇಯುವುದಿಲ್ಲ.

ಜುಂಜಣ್ಣ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ, ನಕ್ಕ:
"ಜೋಡಿ ಜೋಡೀಲಿ ಕೇಳಿದ್ರೆ ಇಂಗೇ ಕಣವ್ವ.
ನಂಗೂ ಅಣ್ಣಂಗೂ ಸೈ, ನಂಗೂ ಭಾವಂಗೂ ಸೈ,
ಅವರಿಬ್ರೂ ಮಕ ನೋಡಾಕಿಲ್ಲ.
ಮೂವರೂ ಒಂದೇ ಮುದ್ದೆಗೆ ಕುಂತಾಗ
ಯಾರಾನಾ ವಸಿ ಸರೀಬೇಕು."

ಬಗ್ಗಿಸುವುದು ಎನ್ನುತ್ತಾರೆ ಇದಕ್ಕೆ, ನನ್ನ ವಿದ್ಯೆಯಲ್ಲಿ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?
ಅಂಕಿ ಬಗ್ಗುತ್ತದೆ. ಯಾರದು ಎಷ್ಟು, ಅದೇ ಪ್ರಶ್ನೆ.
ನಾಲ್ಕು ಸಾವಿರ ಸಲ ಮುಳ್ಳು ನಿಲ್ಲಲು ಕಾದವರದು
ಕೂದಲೆಳೆಯಷ್ಟು.
ಒಂಬೈನೂರು ಹೆರಿಗೆಗೆ ಎದ್ದು ಹೋದವರದು ಅದಕ್ಕಿಂತ ತುಸು ಹೆಚ್ಚು.
ಇನ್ನೂರ ಹತ್ತೇ ಕುರಿ ನೋಡಿ, ಹೆಸರೂ ಹಾಕದೆ ಎದ್ದವರು
ಉಳಿದದ್ದೆಲ್ಲ ಹೊರಲಿ.

ಒಂದು ಸುತ್ತು. ಇನ್ನೂ ಕೆಳಗೆ.
ಐದು.
ಹದಿನೇಳನೆಯದಕ್ಕೆ ಸೊನ್ನೆಯ ಮೇಲೆ ಬಂತು,
ಕೆರೆಯಲ್ಲಿ ಮುಳುಗಿ ಮೂಗಷ್ಟೇ ಮೇಲಿಟ್ಟ ಎಮ್ಮೆಯ ಹಾಗೆ.

ಸೋಮವಾರ ತುಮಕೂರಿಗೆ ಟಗರುಗಳ ಪಟ್ಟಿ ಹೋಗಬೇಕು.
ಹಳದಿ ಬಿಲ್ಲೆಯ ಮುನ್ನೂರ ಆರು, ನಿನ್ನೆ ಹನ್ನೊಂದನೆಯದು,
ಇವತ್ತು ಎರಡನೆಯದು. ಅದಕ್ಕೇನೂ ಗೊತ್ತಿಲ್ಲ.
ಮೂರು ಲೆಡ್ಜರನ್ನೂ ಒಂದೇ ಚರ್ಮದೊಳಗೆ ಹೊತ್ತು
ಬೇಲಿಗೆ ಬೆನ್ನು ತಿಕ್ಕುತ್ತಿದೆ.

ಚಹಾದ ಉಂಗುರದ ಪುಟ ತೆರೆದೆ.
ಹಳೆಯ ಅಂಕಿ ಅಳಿಸಲು ಮನಸ್ಸಾಗಲಿಲ್ಲ.
ಅವರೂ ಏನೋ ಕಂಡೇ ಬರೆದಿರಬೇಕು,
ಆ ಇನ್ನೂರ ಹತ್ತರಲ್ಲಿ ಅದು ನಿಜವೇ ಇದ್ದಿರಬೇಕು.
ಪಕ್ಕದಲ್ಲಿ ಪೆನ್ಸಿಲಿನಿಂದ: ಬಗ್ಗಿಸಿದ್ದು ನಾನು.
ಕೆಳಗೆ ರುಜು, ತಾರೀಕು.

ನನ್ನ ಲೋಟವನ್ನು ಪುಟದಿಂದ ದೂರ ಸರಿಸಿದೆ.
ಆಮೇಲೆ ಯಾಕೋ
ಪುಟದ ಮೇಲೇ ಇಟ್ಟೆ.